ಬತ್ತಿದ ಕೆರೆ ಮತ್ತು ವಿರತ ಗೆಲಾಕ್ಸಿ : ಒಂದು ಪರಿಭಾಷಾ ವಿಮರ್ಶೆ

೧

ಶಾಸ್ತ್ರಗ್ರಂಥಗಳ ಭಾಷೆಯನ್ನು ಸಾಹಿತ್ಯವಿಮರ್ಶೆಯ ಕಣ್ಣಿನಿಂದ ನೋಡುವ ವಾಡಿಕೆ ನಮ್ಮಲ್ಲಿ ಇನ್ನೂ ಸಾಕಷ್ಟು ಬೆಳೆದಿಲ್ಲ. ಕಾವ್ಯದಲ್ಲಿ ಬಂದ ಉಪಮೆಯೊಂದು ಉಚಿತವೋ ಅನುಚಿತವೋ ಎಂದು ಪುಟಗಟ್ಟಲೆ ಚರ್ಚಿಸುವ ನಾವು, ಭೌತಶಾಸ್ತ್ರದ ಪಾಠದಲ್ಲಿ ಬಂದ ಉಪಮೆಯನ್ನು ಮಾತಿಲ್ಲದೆ ಒಪ್ಪಿಬಿಡುತ್ತೇವೆ. ಶಾಸ್ತ್ರದ ಮಾತು ನಿರಲಂಕಾರವಾದದ್ದೆಂಬ ನಂಬಿಕೆಯೇ ಇದಕ್ಕೆ ಕಾರಣವಾಗಿರಬೇಕು. ಆದರೆ ಕೈಗೆ ಸಿಕ್ಕದ, ಕಣ್ಣಿಗೂ ಬಹುಮಟ್ಟಿಗೆ ನಿಲುಕದ ವಸ್ತುಗಳನ್ನು ವಿವರಿಸಬೇಕಾದ ಖಗೋಳಶಾಸ್ತ್ರವು ಅಲಂಕಾರದ ನೆರವಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾರದು. ಅಲ್ಲಿಯ ಪಾರಿಭಾಷಿಕ ಶಬ್ದಗಳಲ್ಲಿ ಅರ್ಧಕ್ಕರ್ಧ ಹಳೆಯ ರೂಪಕಗಳೇ ಆಗಿವೆ.

ಪ್ರಕೃತ ನಾವು ವಿಚಾರಕ್ಕೆ ಎತ್ತಿಕೊಂಡಿರುವುದು ಅಂಥ ಒಂದು ಶಬ್ದಸಮೂಹವನ್ನು. ಕೋಟ್ಯನುಕೋಟಿ ನಕ್ಷತ್ರಗಳೂ ಅನಿಲವೂ ಧೂಳೂ ಕೂಡಿದ ಗೆಲಾಕ್ಸಿಗಳಲ್ಲಿ ಎರಡು ಬಗೆಯವು ಕಂಡುಬರುತ್ತವೆ. ಕೆಲವುಗಳಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಲೇ ಇರುತ್ತವೆ. ನಮ್ಮ ಆಕಾಶಗಂಗೆ ಈ ಬಗೆಯದು. ಇನ್ನು ಕೆಲವುಗಳಲ್ಲಿ ತಾರಾಜನನವು ಎಂದೋ ನಿಂತುಹೋಗಿದೆ, ಅಥವಾ ಗಣನೆಗೆ ಬಾರದಷ್ಟು ಕ್ಷೀಣಿಸಿದೆ. ಈ ಎರಡನೆಯ ಬಗೆಯವನ್ನು ಇಂಗ್ಲಿಷ್ ಶಾಸ್ತ್ರಜ್ಞರು 'ಶಾಂತ' ಎಂಬರ್ಥದ ಗಂಭೀರವಾದ ಮಾತಿನಿಂದ ಕರೆಯುವುದುಂಟು. ಆದರೆ 'ಕೆಂಪಗಾಗಿ ಸತ್ತವು' ಎಂಬರ್ಥದ ಪ್ರಾಸಬದ್ಧವಾದ ಅಡ್ಡಹೆಸರೇ ಲೋಕದಲ್ಲಿ ಹೆಚ್ಚು ಹರಡಿತು. ಕನ್ನಡದಲ್ಲಿಯೂ ಅದನ್ನೇ ಅನುಸರಿಸಿ 'ಸತ್ತ ಗೆಲಾಕ್ಸಿ', 'ಮೃತ ಗೆಲಾಕ್ಸಿ' ಎಂದು ಬರೆಯುವುದು ರೂಢಿಯಾಗುತ್ತಿದೆ. ಸತ್ತದ್ದಾದ ಮೇಲೆ ಕೊಂದವರು ಯಾರೆಂಬ ಪ್ರಶ್ನೆ ತಾನಾಗಿಯೇ ಬರುತ್ತದೆ. ಆದಕಾರಣ 'ಕೊರಳು ಹಿಸುಕಿ', 'ಹಸಿವಿನಿಂದ ಸಾಯಿಸಿ' ಎಂಬ ಮಾತುಗಳೂ ಹಿಂಬಾಲಿಸಿ ಬಂದಿವೆ.

ಈ ಮಾತುಗಳು ವಿದ್ಯಾರ್ಥಿಯ ಬುದ್ಧಿಯನ್ನು ಎತ್ತ ಕೊಂಡೊಯ್ಯುತ್ತವೆ, ನಮ್ಮ ನಾಡಿನ ಭಾಷೆಯಲ್ಲಿಯೇ ಇದಕ್ಕಿಂತ ನಿಷ್ಕೃಷ್ಟವಾದ ಸಾಧನ ದೊರೆಯಬಲ್ಲುದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಇದಕ್ಕೆ ಒರೆಗಲ್ಲಾಗಿ ನಾವು ತುಮಕೂರು ಜಿಲ್ಲೆಯ ಪೂರ್ವೋತ್ತರ ಭಾಗದ ಕೆರೆಗಳ ಪರಿಭಾಷೆಯನ್ನು ಆರಿಸಿಕೊಂಡಿದ್ದೇವೆ. ೧೯೧೮ರಲ್ಲಿ 'ವಿಜ್ಞಾನ' ಪತ್ರಿಕೆಯನ್ನು ಹೊರಡಿಸಿ ಕನ್ನಡದಲ್ಲಿ ಶಾಸ್ತ್ರಬರಹಕ್ಕೆ ಹಾದಿ ಮಾಡಿಕೊಟ್ಟ ಇಬ್ಬರಲ್ಲಿ ಒಬ್ಬರಾದ ಬೆಳ್ಳಾವೆ ವೆಂಕಟನಾರಣಪ್ಪನವರು ಅದೇ ಜಿಲ್ಲೆಯ ಊರೊಂದರ ಹೆಸರನ್ನು ಹೊತ್ತವರು. ಶಾಸ್ತ್ರದ ಮಾತು ಜನರ ಮಾತಿಗೆ ಹತ್ತಿರವಾಗಬೇಕೆಂಬ ಅವರ ಕಾಲದ ಹಂಬಲವನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು.

೨

ಮೊದಲು 'ಸಾವು' ಎಂಬ ಮಾತನ್ನು ನೋಡೋಣ. ಅಲಂಕಾರಶಾಸ್ತ್ರದ ದೃಷ್ಟಿಯಿಂದ ಇದು ರೂಪಕ. ಉಪಮೆಯಲ್ಲಿ ಉಪಮಾನ ಉಪಮೇಯಗಳ ಭೇದ ಉಳಿದಿರುತ್ತದೆ. ಸಾಧಾರಣಧರ್ಮ ಯಾವುದೆಂದು ಕೇಳಲು ಅವಕಾಶವಿರುತ್ತದೆ. ರೂಪಕದಲ್ಲಿ ಅಭೇದವನ್ನೇ ಹೇಳುವುದರಿಂದ ಉಪಮಾನದ ಎಲ್ಲ ಧರ್ಮಗಳೂ ಉಪಮೇಯಕ್ಕೆ ಅಂಟಿಕೊಳ್ಳುತ್ತವೆ. ಸಾವಿಗೆ ಸಹಜವಾಗಿರುವ ಧರ್ಮಗಳು ಎರಡು. ಒಂದು, ಎಲ್ಲ ವ್ಯಾಪಾರಗಳೂ ಒಟ್ಟಿಗೆ ನಿಲ್ಲುವುದು. ಇನ್ನೊಂದು, ಮರಳಿ ಬಾರದಿರುವುದು. ಇವೆರಡರಲ್ಲಿ ಒಂದೂ ಈ ಗೆಲಾಕ್ಸಿಗಳಿಗೆ ನಿಯಮೇನ ಅನ್ವಯಿಸುವುದಿಲ್ಲ.

ತಾರಾಜನನ ನಿಂತ ಗೆಲಾಕ್ಸಿಯಲ್ಲಿ ಹಳೆಯ ನಕ್ಷತ್ರಗಳು ಬೆಳಗುತ್ತಲೇ ಇರುತ್ತವೆ. ಸೂರ್ಯನಂಥ ನಕ್ಷತ್ರದ ಆಯುಸ್ಸು ಸುಮಾರು ೧,೦೦೦ ಕೋಟಿ ವರ್ಷ. ಅದಕ್ಕಿಂತ ಕಡಮೆ ದ್ರವ್ಯವುಳ್ಳವು ಇನ್ನೂ ಹೆಚ್ಚು ಕಾಲ ಬಾಳುತ್ತವೆ. ವಿಶ್ವದ ಈಗಿನ ವಯಸ್ಸೇ ಸುಮಾರು ೧,೩೮೦ ಕೋಟಿ ವರ್ಷವಾಗಿರುವಾಗ, ಅವುಗಳಲ್ಲಿ ಬಹುಪಾಲು ಇನ್ನೂ ನಡುವಯಸ್ಸನ್ನೇ ದಾಟಿಲ್ಲ. ಗೆಲಾಕ್ಸಿಯ ನಡುವಣ ಕಪ್ಪುಕುಳಿ ಒಮ್ಮೊಮ್ಮೆ ಉಗ್ರವಾಗಿ ಚಟುವಟಿಕೆಯಿಂದಿರುವುದೂ ಉಂಟು. ನಿಂತದ್ದು ಒಂದೇ ವ್ಯಾಪಾರ, ಹೊಸ ನಕ್ಷತ್ರಗಳ ಹುಟ್ಟು. ತೊಟ್ಟಿಲು ಕಟ್ಟದ ಮನೆಯನ್ನು ಸತ್ತ ಮನೆಯೆಂದು ನಾವು ಹೇಳುವುದಿಲ್ಲ. ಅಲ್ಲಿ ಹಿರಿಯರು ಬದುಕಿದ್ದಾರೆ. ಇನ್ನು ಮರಳಿ ಬಾರದಿರುವ ಮಾತು. ೨೦೦೩ರಲ್ಲಿ ಹಾರಿಸಿದ ಗ್ಯಾಲೆಕ್ಸ್ ಎಂಬ ಅತಿನೇರಳೆ ದೂರದರ್ಶಕವು, ಪೂರ್ತಿ ಮುದಿಯಾದವೆಂದು ಎಣಿಸಿದ್ದ ಅಂಡಾಕಾರದ ಗೆಲಾಕ್ಸಿಗಳಲ್ಲಿಯೂ ಅನೇಕಕ್ಕೆ ಈಚಿನ ತಾರಾಜನನದ ಕುರುಹುಗಳಿರುವುದನ್ನು ತೋರಿಸಿತು.

ಎರಡನೆಯದು 'ನಂದಿಸುವಿಕೆ'. ತಾರಾಜನನ ನಿಲ್ಲುವ ಪ್ರಕ್ರಿಯೆಗೆ ಇಂಗ್ಲಿಷಿನಲ್ಲಿ ಬಳಸುವ ಸಾಮಾನ್ಯ ಶಬ್ದ ಬೆಂಕಿಯನ್ನು ಆರಿಸುವುದಕ್ಕೂ ಕಾದ ಕಬ್ಬಿಣವನ್ನು ನೀರಿಗೆ ಅದ್ದುವುದಕ್ಕೂ ಸಲ್ಲುವಂಥದು. ಅದನ್ನು ಕನ್ನಡಿಸುವವರು 'ಆರಿತು' ಎನ್ನುತ್ತಾರೆ. ನಮ್ಮ 'ಆರು' ಎಂಬ ಧಾತು ಬಹು ವ್ಯಾಪಕವಾದದ್ದು. ದೀಪ ಆರುತ್ತದೆ, ಬಿಸಿಯನ್ನ ಆರುತ್ತದೆ, ಒದ್ದೆ ಬಟ್ಟೆ ಆರುತ್ತದೆ. ಬೆಳಕು ಹೋಗುವುದು, ಶಾಖ ಹೋಗುವುದು, ತೇವ ಹೋಗುವುದು ಈ ಮೂರನ್ನೂ ಅದು ಒಳಗೊಳ್ಳುತ್ತದೆ. ಇಲ್ಲಿಯೇ ಅಪಾಯವಿದೆ. ನಕ್ಷತ್ರಗಳು ಹುಟ್ಟುವುದು ಅನಿಲ ಕಾದಾಗ ಅಲ್ಲ, ತಣ್ಣಗಾದಾಗ. ಜಲಜನಕದ ಅಣುಗಳು ಕೂಡಿದ ಮೋಡಗಳು ನಿರಪೇಕ್ಷ ಶೂನ್ಯದ ಮೇಲೆ ಹತ್ತಿಪ್ಪತ್ತು ಡಿಗ್ರಿಗಳಷ್ಟು ಮಾತ್ರ ಬೆಚ್ಚಗಿದ್ದಾಗ ತಮ್ಮ ಭಾರಕ್ಕೆ ತಾವೇ ಕುಸಿದು ನಕ್ಷತ್ರಗಳಾಗುತ್ತವೆ. ಬಿಸಿಯಾದ ಅನಿಲ ಒಳಗಣ ಒತ್ತಡದಿಂದ ಉಬ್ಬಿ ನಿಲ್ಲುತ್ತದೆ, ಕುಸಿಯಲೊಲ್ಲದು. ದೊಡ್ಡ ಅಂಡಾಕಾರದ ಗೆಲಾಕ್ಸಿಗಳ ಸುತ್ತ ಸುಮಾರು ಕೋಟಿ ಡಿಗ್ರಿಯ ಅನಿಲ ಧಾರಾಳವಾಗಿಯೇ ಇರುವುದನ್ನು ಕ್ಷಕಿರಣ ದೂರದರ್ಶಕಗಳು ಕಂಡಿವೆ. ಅದರಿಂದ ನಕ್ಷತ್ರಗಳು ಹುಟ್ಟುತ್ತಿಲ್ಲ. ಹೀಗೆ ಬೆಂಕಿಯ ಉಪಮಾನ ಇಲ್ಲಿ ತಲೆಕೆಳಗಾಗುತ್ತದೆ. ಗೆಲಾಕ್ಸಿ 'ಆರಿದರೆ' ತಾರಾಜನನ ಹೆಚ್ಚಬೇಕು, 'ಕಾದರೆ' ನಿಲ್ಲಬೇಕು. ವಿದ್ಯಾರ್ಥಿ ಪದವನ್ನು ನಂಬಿದರೆ ಪ್ರಕ್ರಿಯೆಯನ್ನು ಹಿಂದುಮುಂದಾಗಿ ಕಲಿಯುವನು.

ಮೂರನೆಯದು 'ಕೆಂಪು'. ಭಾರವಾದ ನಕ್ಷತ್ರಗಳು ನೀಲಿಯಾಗಿ, ಅತ್ಯುಜ್ಜ್ವಲವಾಗಿ ಉರಿದು ಕೆಲವೇ ಕೋಟಿ ವರ್ಷಗಳೊಳಗೆ ಮುಗಿದುಹೋಗುತ್ತವೆ. ಹೊಸವು ಹುಟ್ಟದಿದ್ದರೆ ಉಳಿಯುವುದು ಕೆಂಬಣ್ಣದ ಹಳೆಯ ನಕ್ಷತ್ರಗಳು. ಆದುದರಿಂದ ಗೆಲಾಕ್ಸಿಯ ಕೆಂಪು ಅದರ ವಿರತಿಯನ್ನು ಸೂಚಿಸಬಲ್ಲುದು. ಆದರೆ ಆಕಾಶದಲ್ಲಿ ಕೆಂಪಿಗೆ ಕಾರಣಗಳು ಮೂರು. ಸಂಜೆಯ ಸೂರ್ಯನನ್ನು ದಿಗಂತದ ಧೂಳು ಕೆಂಪಾಗಿಸುವಂತೆ ಗೆಲಾಕ್ಸಿಯ ಒಳಗಣ ಧೂಳು ಅದರ ಬೆಳಕನ್ನು ಕೆಂಪಾಗಿಸುತ್ತದೆ. ಅಂಥಲ್ಲಿ ತಾರಾಜನನ ಭರದಿಂದ ನಡೆಯುತ್ತಿದ್ದರೂ ನೀಲಿ ಹೊರಗೆ ಕಾಣದು. ಅಲ್ಲದೆ ವಿಶ್ವದ ವಿಸ್ತರಣದಿಂದ ದೂರದ ಬೆಳಕೆಲ್ಲ ಕೆಂಪಿನತ್ತ ಸರಿಯುತ್ತದೆ. ಇದಕ್ಕೆ ರಕ್ತಪಲ್ಲಟವೆಂದು ಹೆಸರು. ವಯಸ್ಸಿನ ಕೆಂಪು, ಧೂಳಿನ ಕೆಂಪು, ದೂರದ ಕೆಂಪು ಈ ಮೂರನ್ನು ಬೇರ್ಪಡಿಸುವುದರಲ್ಲಿಯೇ ಈ ಶಾಸ್ತ್ರಶಾಖೆಯ ಶ್ರಮದ ಬಹುಭಾಗ ಕಳೆಯುತ್ತದೆ. 'ಕೆಂಪಗಾಗಿ ಸತ್ತವು' ಎಂಬ ಜೋಡುಮಾತು ಆ ಶ್ರಮವನ್ನೆಲ್ಲ ಮರೆಮಾಡುತ್ತದೆ.

೩

ಈ ರೂಪಕಗಳಿಗೆ ಪ್ರತಿಯಾಗಿ ಒಂದು ಉಪಮೆಯನ್ನು ಪರೀಕ್ಷಿಸೋಣ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಸೀಮೆ ಮಳೆ ಕಡಮೆಯಾದ ಬಯಲುಸೀಮೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯಂಥ ನದಿಯೂ ಮಳೆಗಾಲದ ನದಿಯೇ. ಇಲ್ಲಿಯ ಬದುಕು ತಲೆಮಾರುಗಳಿಂದ ಕೆರೆಗಳನ್ನು ನಂಬಿದೆ. ಅದು ಊರಹೆಸರುಗಳಲ್ಲಿಯೇ ನಿಂತಿದೆ. 'ಕೊರಟಗೆರೆ'ಯಲ್ಲಿ ಕಕಾರಕ್ಕೆ ಗಕಾರ ಆದೇಶವಾಗಿ ಕೆರೆ ಕಾಣುತ್ತದೆ. ಮಧುಗಿರಿ ತಾಲ್ಲೂಕಿನ ಹೋಬಳಿ ಕೇಂದ್ರವಾದ 'ದೊಡ್ಡೇರಿ'ಯನ್ನು ಬಿಡಿಸಿದರೆ 'ದೊಡ್ಡ', 'ಏರಿ' ಎಂಬ ಎರಡು ಪದಗಳು ಲೋಪಸಂಧಿಯಿಂದ ಕೂಡಿದಂತೆ ತೋರುತ್ತದೆ. ಏರಿ ಎಂದರೆ ಕೆರೆಯ ಕಟ್ಟೆ. ನೀರನ್ನು ಹಿಡಿದು ನಿಲ್ಲಿಸುವುದು.

ಇಂಥ ಸೀಮೆಯ ಒಕ್ಕಲಿಗನು ಕೆರೆಯಲ್ಲಿ ನೀರಿಲ್ಲದ್ದನ್ನು ಕಂಡಾಗ ಕೆರೆ ಸತ್ತಿತೆಂದು ಹೇಳಿ ಸುಮ್ಮನಾಗುವುದಿಲ್ಲ. ಬತ್ತಿದೆ ಎನ್ನುತ್ತಾನೆ, ಎನ್ನುತ್ತಲೇ ಕಾರಣವನ್ನು ಹುಡುಕುತ್ತಾನೆ. ಮೇಲಣ ಹಳ್ಳದಿಂದ ನೀರು ಬರುವುದು ನಿಂತಿತೆ? ಏರಿ ಒಡೆದು ಇದ್ದ ನೀರು ಹರಿದುಹೋಯಿತೆ? ತೂಬನ್ನು ಹೆಚ್ಚು ದಿನ ಎತ್ತಿಟ್ಟು ಅಚ್ಚುಕಟ್ಟಿನ ಗದ್ದೆಗಳೇ ಬೇಗ ಬರಿದು ಮಾಡಿದವೆ? ಮೋಡ ಕವಿದರೂ ಮಳೆಯಾಗಲಿಲ್ಲವೆ? ನೀರುಗಂಟಿಯ ಲೆಕ್ಕವೆಲ್ಲ ಒಳಬರುವುದು, ಹೊರಹೋಗುವುದು, ಬಳಕೆಯಾಗುವುದು, ಉಳಿಯುವುದು ಎಂಬ ನಾಲ್ಕು ಅಂಕಣಗಳಲ್ಲಿ ಅಡಕವಾಗಿದೆ.

ಗೆಲಾಕ್ಸಿಯ ಲೆಕ್ಕವೂ ಇದೇ. ನಮ್ಮ ಆಕಾಶಗಂಗೆಯಲ್ಲಿ ವರ್ಷವೊಂದಕ್ಕೆ ಸೂರ್ಯನ ಒಂದೆರಡು ಪಟ್ಟಿನಷ್ಟು ದ್ರವ್ಯ ಹೊಸ ನಕ್ಷತ್ರಗಳಾಗಿ ಪರಿಣಮಿಸುತ್ತಿದೆ. ಅಲ್ಲಿರುವ ಅಣುರೂಪದ ತಣ್ಣನೆಯ ಅನಿಲ ಈ ವೇಗದಲ್ಲಿ ಸುಮಾರು ನೂರು ಕೋಟಿ ವರ್ಷಕ್ಕೆ ಮಾತ್ರ ಸಾಕು. ಆದರೆ ಆಕಾಶಗಂಗೆ ೧,೦೦೦ ಕೋಟಿ ವರ್ಷಕ್ಕೂ ಮೇಲ್ಪಟ್ಟು ನಕ್ಷತ್ರಗಳನ್ನು ಹಡೆಯುತ್ತಲೇ ಬಂದಿದೆ. ಹೊರಗಿನಿಂದ ಅನಿಲ ಒಳಗೆ ಹರಿದುಬರುತ್ತಿರಬೇಕೆಂಬುದು ಇದರಿಂದ ವಿದಿತವಾಗುತ್ತದೆ. ಗೆಲಾಕ್ಸಿ ತುಂಬಿಟ್ಟ ಕೊಡವಲ್ಲ. ಹರಿವಿನ ನಡುವಣ ಕೆರೆ.

ಈ ದೃಷ್ಟಿಯಿಂದ ನೋಡಿದರೆ ಶಾಸ್ತ್ರಜ್ಞರು ಮುಂದಿಟ್ಟಿರುವ ಮುಖ್ಯ ವಾದಗಳು ತಾವಾಗಿಯೇ ವಿಂಗಡವಾಗುತ್ತವೆ. ಹೊರಗಣ ಅನಿಲದ ಹೊದಿಕೆ ಕಳೆದುಹೋಗಿ, ಇದ್ದುದು ಬಳಕೆಯಾಗಿ ತೀರುವುದೆಂಬ ವಿಚಾರವನ್ನು ಲಾರ್ಸನ್, ಟಿನ್ಸ್ಲಿ, ಕಾಲ್ಡ್‌ವೆಲ್ ಎಂಬವರು ೧೯೮೦ರಲ್ಲಿ ಮಂಡಿಸಿದರು. 'ಕೊರಳು ಹಿಸುಕುವಿಕೆ' ಎಂಬ ಹೆಸರು ಅಂಟಿದ್ದು ಈ ವಾದಕ್ಕೆ. ಕೆರೆಯ ಭಾಷೆಯಲ್ಲಿ ಇದು ಹಳ್ಳ ಕಟ್ಟಿಹೋದದ್ದು. ಗೆಲಾಕ್ಸಿಗುಚ್ಛದೊಳಕ್ಕೆ ವೇಗದಿಂದ ಬೀಳುವ ಗೆಲಾಕ್ಸಿಯ ಅನಿಲವನ್ನು ಅಲ್ಲಿಯ ಬಿಸಿ ಅನಿಲದ ಎದುರೊತ್ತಡ ತೂರಿಹಾಕುವುದೆಂದು ಗನ್ ಮತ್ತು ಗಾಟ್ ೧೯೭೨ರಲ್ಲಿ ತೋರಿಸಿದರು. ನಡುವಣ ಕಪ್ಪುಕುಳಿಯಿಂದ ಹೊಮ್ಮುವ ಶಕ್ತಿ ಅನಿಲವನ್ನು ಹೊರದೂಡುವುದೆಂಬುದು ಮತ್ತೊಂದು ವಾದ. ಈ ಎರಡೂ ಏರಿ ಒಡೆದ ಪ್ರಕಾರಗಳು. ಅದೇ ಶಕ್ತಿ ಸುತ್ತಣ ಅನಿಲವನ್ನು ತಣಿಯಗೊಡದೆ ಕಾಯಿಸಿಯೇ ಇಡುವುದೆಂಬುದು ಇನ್ನೊಂದು. ಅದು ಮೋಡವಿದ್ದೂ ಮಳೆಯಾಗದ ಪ್ರಕಾರ. 'ಸತ್ತಿತು' ಎಂಬ ಒಂದೇ ಕ್ರಿಯಾಪದ ನುಂಗಿಹಾಕುತ್ತಿದ್ದ ಈ ಭೇದಗಳನ್ನು ಕೆರೆಯ ಪರಿಭಾಷೆ ಮೊದಲೇ ಬೇರೆಬೇರೆಯಾಗಿ ಹೆಸರಿಸಿಟ್ಟಿದೆ.

೪

ಉಪಮೆಯ ಬೆಲೆ ಅದರ ಅಂದದಿಂದಷ್ಟೇ ತಿಳಿಯದು. ಪರೀಕ್ಷೆಗೆ ದಾರಿ ತೋರಬಲ್ಲುದೆ ಎಂದು ನೋಡಬೇಕು. ಏರಿ ಒಡೆದು ಬರಿದಾದ ಕೆರೆಯಲ್ಲಿ ಕಡೆಗೆ ಉಳಿದ ನೀರು ಮೊದಲಿದ್ದ ನೀರಿನಂತೆಯೇ ಇರುತ್ತದೆ. ಒಳಹರಿವು ನಿಂತು ನಿಧಾನವಾಗಿ ಬತ್ತಿದ ಕೆರೆಯಲ್ಲಾದರೋ ನೀರು ಇಳಿದಷ್ಟೂ ಉಪ್ಪು ದಟ್ಟವಾಗುತ್ತದೆ. ಬತ್ತಿದ ಬಗೆಯನ್ನು ಉಳಿದ ನೀರಿನ ರುಚಿಯಿಂದ ಹೇಳಬಹುದು.

೨೦೧೫ರಲ್ಲಿ ಪೆಂಗ್, ಮೈಯೊಲಿನೊ, ಕಾಕ್ರೇನ್ ಎಂಬವರು ನಡೆಸಿದ ಪರೀಕ್ಷೆ ಇದಕ್ಕೆ ಬಹುಮಟ್ಟಿಗೆ ಸಮಾನವಾದದ್ದು. ನಕ್ಷತ್ರಗಳು ತಮ್ಮ ಒಡಲಿನಲ್ಲಿ ಕಬ್ಬಿಣವೇ ಮೊದಲಾದ ಭಾರವಾದ ಮೂಲಧಾತುಗಳನ್ನು ಬೇಯಿಸಿ ಅನಿಲಕ್ಕೆ ಮರಳಿಸುತ್ತವೆ. ಹೊರಗಿನಿಂದ ಶುದ್ಧವಾದ ಜಲಜನಕ ಬರುತ್ತಿದ್ದರೆ ಈ ಧಾತುಗಳು ತೆಳುವಾಗುತ್ತವೆ. ಒಳಹರಿವು ನಿಂತು ಇದ್ದ ಅನಿಲದಿಂದಲೇ ನಕ್ಷತ್ರಗಳು ಹುಟ್ಟುತ್ತ ಹೋದರೆ ಹೊಸ ಪೀಳಿಗೆಯಲ್ಲಿ ಅವು ದಟ್ಟವಾಗುತ್ತವೆ. ಅನಿಲವೆಲ್ಲ ಒಮ್ಮೆಗೆ ಹೊರದೂಡಲ್ಪಟ್ಟರೆ ಇಂಥ ಏರಿಕೆಗೆ ಅವಕಾಶವಿರದು. ಹತ್ತಿರದ ಸುಮಾರು ೨೬,೦೦೦ ಗೆಲಾಕ್ಸಿಗಳ ವರ್ಣಪಟಲಗಳನ್ನು ಹೋಲಿಸಿ ನೋಡಿದಾಗ ವಿರತ ಗೆಲಾಕ್ಸಿಗಳ ನಕ್ಷತ್ರಗಳಲ್ಲಿ ಭಾರಧಾತುಗಳು ಹೆಚ್ಚಾಗಿರುವುದು ಕಂಡುಬಂತು. ಅವುಗಳಲ್ಲಿ ಬಹುಪಾಲು ಸುಮಾರು ೪೦೦ ಕೋಟಿ ವರ್ಷಗಳ ಅವಧಿಯಲ್ಲಿ ಮೆಲ್ಲಗೆ ಬತ್ತಿದವೆಂದು ಅವರು ತೀರ್ಮಾನಿಸಿದರು. ಕೆರೆಯ ಉಪ್ಪು ಆವಿಯಾಗುವಿಕೆಯಿಂದ ದಟ್ಟವಾಗುವುದು, ಗೆಲಾಕ್ಸಿಯ ಧಾತುಗಳು ಅಲ್ಲಿಯೇ ಉತ್ಪನ್ನವಾಗುವುವು ಎಂಬ ಭೇದವನ್ನು ಮರೆಯಬಾರದು. ಆದರೆ ತರ್ಕದ ಆಕಾರ ಎರಡರಲ್ಲಿಯೂ ಒಂದೇ.

ಇಂಥ ಪರೀಕ್ಷೆಗಳಲ್ಲಿ ಕರ್ಣಾಟಕದ ಪಾಲೂ ಉಂಟೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ನಿರ್ಮಾಣಗೊಂಡು, ಹೊಸಕೋಟೆಯಲ್ಲಿರುವ ಅದರ ಪ್ರಯೋಗಶಾಲೆಯಲ್ಲಿ ಜೋಡಣೆಯಾದ ಅತಿನೇರಳೆ ದೂರದರ್ಶಕವು ಆಸ್ಟ್ರೋಸ್ಯಾಟ್ ಉಪಗ್ರಹದೊಡನೆ ೨೦೧೫ರ ಸೆಪ್ಟೆಂಬರ್ ೨೮ರಂದು ಅಂತರಿಕ್ಷವನ್ನು ಸೇರಿತು. ಅತಿನೇರಳೆ ಬೆಳಕು ಮುಖ್ಯವಾಗಿ ಅಲ್ಪಾಯುಗಳಾದ ಬಿಸಿ ನಕ್ಷತ್ರಗಳಿಂದ ಬರುವುದರಿಂದ, ತಾರಾಜನನ ಎಲ್ಲಿ ನಡೆಯುತ್ತಿದೆ, ಎಲ್ಲಿ ನಿಂತಿದೆ ಎಂಬುದಕ್ಕೆ ಅದು ನೇರವಾದ ಸಾಕ್ಷಿ. ಮೂರು ಕೋಟಿ ಜ್ಯೋತಿರ್ವರ್ಷಕ್ಕೂ ಮಿಕ್ಕ ದೂರದಲ್ಲಿರುವ ಮೆಸಿಯೇ ೯೫ ಎಂಬ ಗೆಲಾಕ್ಸಿಯನ್ನು ಕುರಿತು ೨೦೧೯ರಲ್ಲಿ ಪ್ರಕಟವಾದ ಅಧ್ಯಯನವನ್ನು ಇಲ್ಲಿ ಉದಾಹರಿಸಬಹುದು. ಆ ಗೆಲಾಕ್ಸಿಯ ನಡುವೆ ನಕ್ಷತ್ರಗಳೇ ಕೂಡಿ ರಚಿತವಾದ ದಂಡದಂಥ ಆಕಾರವೊಂದಿದೆ. ಆ ದಂಡದ ಉದ್ದಕ್ಕೂ, ಕೇಂದ್ರಕ್ಕೂ ಸುತ್ತಣ ಉಂಗುರಕ್ಕೂ ನಡುವೆ ಇರುವ ಪ್ರದೇಶದಲ್ಲಿ ಅತಿನೇರಳೆ ಬೆಳಕೂ ಇಲ್ಲ, ಅನಿಲವೂ ಇಲ್ಲವೆನ್ನುವಷ್ಟು ಕಡಮೆ. ದಂಡವೇ ಅನಿಲವನ್ನು ಬೇರೆಡೆಗೆ ಸಾಗಿಸಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಇಲ್ಲಿ ಕೆರೆ ಬತ್ತಿಲ್ಲ. ನೀರು ಅಂಗಳದ ಒಂದು ಭಾಗವನ್ನು ಬಿಟ್ಟು ಇನ್ನೊಂದು ಭಾಗಕ್ಕೆ ಸರಿದಿದೆ. ಒಂದೇ ಗೆಲಾಕ್ಸಿಯ ಒಂದು ಪ್ರದೇಶದಲ್ಲಿ ಹುಟ್ಟು, ಪಕ್ಕದಲ್ಲಿಯೇ ವಿರತಿ ಇರುವಾಗ 'ಸತ್ತಿತು' ಎಂಬ ಮಾತನ್ನು ಯಾವ ಅಂಗಕ್ಕೆ ಹೇಳಬೇಕು?

ಅದೇ ಉಪಕರಣದಿಂದ ನೋಡಿದ ಜೆಓ೨೦೧ ಎಂಬ ಗೆಲಾಕ್ಸಿ ಇದಕ್ಕಿಂತಲೂ ಬೋಧಪ್ರದವಾದದ್ದು. ಅದು ಸೆಕೆಂಡಿಗೆ ೩,೦೦೦ ಕಿಲೋಮೀಟರಿಗೂ ಮಿಕ್ಕ ವೇಗದಿಂದ ಒಂದು ಗೆಲಾಕ್ಸಿಗುಚ್ಛದೊಳಕ್ಕೆ ನುಗ್ಗುತ್ತಿದೆ. ಅದರಿಂದ ಕಿತ್ತುಹೋದ ಅನಿಲ ಬಾಲದಂತೆ ಹಿಂದೆ ಹರಡಿದೆ. ೨೦೧೮ರಲ್ಲಿ ಪ್ರಕಟವಾದ ಅಧ್ಯಯನದಿಂದ ಆ ಬಾಲದಲ್ಲಿಯೂ ನಕ್ಷತ್ರಗಳು ಹುಟ್ಟುತ್ತಿರುವುದು ಗೊತ್ತಾಯಿತು. ಮರುವರ್ಷದ ಅಧ್ಯಯನ ಅದರ ನಡುಭಾಗದಲ್ಲಿ ತಾರಾಜನನ ಕುಂದಿದ ಒಂದು ಪೊಳ್ಳನ್ನು ತೋರಿಸಿ, ಅದನ್ನು ಕಪ್ಪುಕುಳಿಯ ಪ್ರಭಾವಕ್ಕೆ ಸಂಬಂಧಿಸಿತು. ಏರಿಯೊಡೆದು ಹರಿದ ನೀರು ಕೆಳಗಿನ ಬೀಳುಭೂಮಿಯಲ್ಲಿ ಹಸುರು ಬೆಳೆಸಿದಂತೆ ಇದು.

ಮಧುಗಿರಿಗೆ ಮೂಡಲಲ್ಲಿರುವ ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯವನ್ನೂ ಇಲ್ಲಿ ಹೆಸರಿಸಬೇಕು. ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನ ಸಂಸ್ಥೆಯೂ ಕೂಡಿ ೧೯೭೬ರಲ್ಲಿ ಅಲ್ಲಿ ಸ್ಥಾಪಿಸಿದ ಆಂಟೆನಾಗಳ ಸಾಲು ೩೪.೫ ಮೆಗಾಹರ್ಟ್ಸ್‌ನಷ್ಟು ಕೆಳಗಿನ ಆವರ್ತನದಲ್ಲಿ ಆಕಾಶವನ್ನು ಸಮೀಕ್ಷಿಸಿತು. ಕೆಳ ಆವರ್ತನಗಳಲ್ಲಿ ಪ್ರಕಾಶಿಸುವ ಆಕರಗಳಲ್ಲಿ ರೇಡಿಯೋ ಗೆಲಾಕ್ಸಿಗಳು ಮುಖ್ಯವಾದವು. ಅವುಗಳಲ್ಲಿ ಪ್ರಬಲವಾದವು ಬಹುಮಟ್ಟಿಗೆ ತಾರಾಜನನ ಅಡಗಿದ ಅಂಡಾಕಾರದ ದೊಡ್ಡ ಗೆಲಾಕ್ಸಿಗಳು. ಅವುಗಳ ಕಪ್ಪುಕುಳಿಯಿಂದ ಚಿಮ್ಮುವ ಧಾರೆಗಳೇ ಸುತ್ತಣ ಅನಿಲವನ್ನು ತಣಿಯಗೊಡದವು. ಸತ್ತವೆಂದು ಹೆಸರಾದವೇ ರೇಡಿಯೋ ಆಕಾಶದಲ್ಲಿ ಗಟ್ಟಿಯಾಗಿ ಮಾತಾಡುವವು ಎಂಬುದು ರೂಪಕದ ಅನೌಚಿತ್ಯಕ್ಕೆ ಮತ್ತೊಂದು ನಿದರ್ಶನ.

೫

ಇಲ್ಲಿಯವರೆಗೆ ಹೇಳಿದ್ದು ಹತ್ತಿರದ ಗೆಲಾಕ್ಸಿಗಳ ಮಾತು. ಪ್ರಶ್ನೆ ತೀಕ್ಷ್ಣವಾಗುವುದು ದೂರದವುಗಳಲ್ಲಿ. ದೂರ ನೋಡುವುದೆಂದರೆ ಹಿಂದಿನ ಕಾಲವನ್ನು ನೋಡುವುದು. ಮೆಲ್ಲಗೆ ಬತ್ತಲು ೪೦೦ ಕೋಟಿ ವರ್ಷ ಬೇಕಾದರೆ, ವಿಶ್ವದ ವಯಸ್ಸು ಅದರ ಅರ್ಧವೂ ಇಲ್ಲದ ಕಾಲದಲ್ಲಿ ವಿರತ ಗೆಲಾಕ್ಸಿಗಳು ಇರಬಾರದು. ಆದರೆ ಇವೆ.

೨೦೧೭ರಲ್ಲಿ ಗ್ಲೇಸ್‌ಬ್ರುಕ್ ಮತ್ತು ಸಂಗಡಿಗರು ಜ಼ಡ್‌ಎಫ್-ಕಾಸ್ಮಾಸ್-೨೦೧೧೫ ಎಂಬ ಗೆಲಾಕ್ಸಿಯನ್ನು ವರದಿಮಾಡಿದರು. ವಿಶ್ವಕ್ಕೆ ಸುಮಾರು ೧೬೫ ಕೋಟ ವರ್ಷವಾಗಿದ್ದಾಗಲೇ ಅದು ಸೂರ್ಯನ ೧೦,೦೦೦ ಕೋಟಿ ಪಟ್ಟಿಗೂ ಮಿಕ್ಕ ದ್ರವ್ಯವನ್ನು ನಕ್ಷತ್ರಗಳಾಗಿಸಿ ಮುಗಿಸಿತ್ತು. ಒಡನೆಯೇ ಆಕ್ಷೇಪ ಬಂತು. ಅದೇ ದಿಕ್ಕಿನಿಂದ ಕಾದ ಧೂಳಿನ ಸೂಕ್ಷ್ಮತರಂಗಗಳು ಬರುತ್ತಿದ್ದುದರಿಂದ, ತಾರಾಜನನ ನಿಂತಿಲ್ಲ, ಧೂಳಿನ ಮರೆಯಲ್ಲಿ ನಡೆಯುತ್ತಿದೆ ಎಂದು ಕೆಲವರು ವಾದಿಸಿದರು. ೨೦೧೮ರಲ್ಲಿ ಷ್ರೈಬರ್ ಮತ್ತು ಸಂಗಡಿಗರು ಹೆಚ್ಚು ಸೂಕ್ಷ್ಮವಾದ ವೀಕ್ಷಣೆಯಿಂದ, ಆ ತರಂಗಗಳು ಬರುತ್ತಿರುವುದು ಅದಕ್ಕೆ ಅಂಟಿದಂತೆ ಪಕ್ಕದಲ್ಲಿರುವ ಧೂಳುಮುಚ್ಚಿದ ಇನ್ನೊಂದು ಗೆಲಾಕ್ಸಿಯಿಂದ ಎಂದು ತೋರಿಸಿದರು. ಹೊಗೆ ಕಂಡದ್ದು ನಿಜ, ಆದರೆ ಅದು ನೆರೆಮನೆಯ ಹೊಗೆ. ಧೂಳಿನ ಕೆಂಪು ಮತ್ತು ವಯಸ್ಸಿನ ಕೆಂಪು ಇವೆರಡನ್ನು ಬೇರ್ಪಡಿಸುವುದು ಎಷ್ಟು ಪ್ರಯಾಸದ ಕೆಲಸವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ತರಗತಿಗೆ ದೊರೆಯಲಾರದು.

೨೦೨೧ರ ಡಿಸೆಂಬರ್ ೨೫ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕ ಅವಕೆಂಪು ಬೆಳಕಿನ ವರ್ಣಪಟಲಗಳನ್ನು ಒದಗಿಸಿದ ಮೇಲೆ ಊಹೆಯ ಸ್ಥಾನದಲ್ಲಿ ಪ್ರಮಾಣ ಬಂದು ನಿಂತಿತು. ೨೦೨೩ರಲ್ಲಿ ವರದಿಯಾದ ಜಿಎಸ್-೯೨೦೯ ಎಂಬುದನ್ನು ನಾವು ವಿಶ್ವದ ೧೨೫ ಕೋಟಿ ವರ್ಷದ ವಯಸ್ಸಿನಲ್ಲಿ ನೋಡುತ್ತಿದ್ದೇವೆ. ಅದರ ವರ್ಣಪಟಲದಲ್ಲಿ ಜಲಜನಕದ ಹೀರಿಕೆಯ ಗೆರೆಗಳು ಆಳವಾಗಿವೆ; ಅತಿ ಬಿಸಿಯಾದ ನಕ್ಷತ್ರಗಳು ಮುಗಿದು, ಸುಮಾರು ೧೦,೦೦೦ ಡಿಗ್ರಿಯ ಮಧ್ಯಮ ನಕ್ಷತ್ರಗಳು ಇನ್ನೂ ಉಳಿದಿರುವ ಲಕ್ಷಣ ಇದು. ಸೂರ್ಯನ ೩,೮೦೦ ಕೋಟಿ ಪಟ್ಟಿನಷ್ಟು ನಕ್ಷತ್ರದ್ರವ್ಯವನ್ನು ಸುಮಾರು ೨೦ ಕೋಟಿ ವರ್ಷಗಳಲ್ಲಿ ಕೂಡಿಸಿ, ವಿಶ್ವದ ೮೦ ಕೋಟಿ ವರ್ಷದ ವಯಸ್ಸಿನ ಹೊತ್ತಿಗೆ ಅದು ವಿರಮಿಸಿತ್ತು. ಅದರ ನಡುವೆ ಸೂರ್ಯನ ಸುಮಾರು ೫೦ ಕೋಟಿ ಪಟ್ಟು ಭಾರದ ಕಪ್ಪುಕುಳಿ ಇರುವ ಸೂಚನೆಯೂ ದೊರೆತಿದೆ.

ಇಂಥವು ಮೆಲ್ಲಗೆ ಬತ್ತಿರಲಾರವು ಎಂಬುದು ಸ್ಪಷ್ಟ. ಹಾಗಾದರೆ ಏರಿ ಒಡೆಯಿತೆ? ೨೦೨೪ರಲ್ಲಿ ಪ್ರಕಟವಾದ ಜಿಎಸ್-೧೦೫೭೮ರ ಅಧ್ಯಯನ ಹೌದೆನ್ನುತ್ತದೆ: ಆ ಗೆಲಾಕ್ಸಿಯಿಂದ ತಣ್ಣನೆಯ ಅನಿಲ ಸೆಕೆಂಡಿಗೆ ಸುಮಾರು ೧,೦೦೦ ಕಿಲೋಮೀಟರ್ ವೇಗದಿಂದ ಹೊರಕ್ಕೆ ಹೋಗುತ್ತಿದೆ, ಹೋಗುವ ಪ್ರಮಾಣ ನಕ್ಷತ್ರಗಳಾಗುವ ಪ್ರಮಾಣಕ್ಕಿಂತ ಹೆಚ್ಚು. ಇದಕ್ಕೆ ಪ್ರತಿಯಾಗಿ ವಿಟೇಕರ್ ಮತ್ತು ಸಂಗಡಿಗರು ೨೦೨೧ರಲ್ಲಿ ಆರು ದೂರದ ವಿರತ ಗೆಲಾಕ್ಸಿಗಳನ್ನು ತೂಗಿ ನೋಡಿ, ಅವುಗಳಲ್ಲಿ ಅನಿಲ ನಕ್ಷತ್ರದ್ರವ್ಯದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಮೆಯಾಗಿರುವುದನ್ನು ಕಂಡರು. ಇದ್ದುದು ಬೇಗ ತೀರಿತು, ಹೊಸದು ಬರಲಿಲ್ಲವೆಂಬುದು ಅವರ ವಾದ. ನಮ್ಮ ಅಭಿಪ್ರಾಯದಲ್ಲಿ ಈ ಎರಡು ವಾದಗಳಿಗೆ ವಿರೋಧವಿಲ್ಲ. ಏರಿ ಒಡೆಯುವುದರಿಂದ ಕೆರೆ ಒಂದು ವರ್ಷ ಬರಿದಾದೀತು. ಹಲವು ವರ್ಷ ಬರಿದಾಗಿಯೇ ಉಳಿಯಬೇಕಾದರೆ ಹಳ್ಳವೂ ಬರದೆ ಹೋಗಿರಬೇಕು. ಬರಿದಾದುದಕ್ಕೆ ಒಂದು ಕಾರಣ, ಬರಿದಾಗಿ ಉಳಿದುದಕ್ಕೆ ಮತ್ತೊಂದು ಎಂಬ ಈ ವಿವೇಕ ಸಾವಿನ ರೂಪಕದಲ್ಲಿ ಹುಟ್ಟಲಾರದು. ಸತ್ತದ್ದು ಸತ್ತೇ ಇರುವುದಕ್ಕೆ ಬೇರೆ ಕಾರಣ ಬೇಡವಷ್ಟೆ.

ಈ ವಿವೇಕದ ಅಗತ್ಯವನ್ನು ೨೦೨೪ರ ಮತ್ತೊಂದು ವರದಿ ಎತ್ತಿ ತೋರಿಸುತ್ತದೆ. ವಿಶ್ವಕ್ಕೆ ೭೦ ಕೋಟಿ ವರ್ಷವಾಗಿದ್ದಾಗಿನ, ರಕ್ತಪಲ್ಲಟ ೭.೩ರ ಒಂದು ಪುಟ್ಟ ಗೆಲಾಕ್ಸಿಯಲ್ಲಿ ತಾರಾಜನನ ನಾವು ಕಾಣುವ ಕ್ಷಣಕ್ಕೆ ಕೆಲವೇ ಕೋಟಿ ವರ್ಷಗಳ ಹಿಂದೆಯಷ್ಟೇ ನಿಂತಿತ್ತು. ಇದು ಶಾಶ್ವತವಾದ ವಿರತಿಯೋ, ಅನಿಲ ಮರಳಿ ಸೇರಿದೊಡನೆ ಮುಗಿಯುವ ವಿರಾಮವೋ ಎಂಬುದನ್ನು ಆ ಒಂದು ಕ್ಷಣದ ಬೆಳಕಿನಿಂದ ನಿರ್ಣಯಿಸಲಾಗದು. ಅದೇ ರಕ್ತಪಲ್ಲಟದಲ್ಲಿ ಇದಕ್ಕಿಂತ ಬಹಳ ಭಾರವಾದ ವಿರತ ಗೆಲಾಕ್ಸಿಯೂ ೨೦೨೫ರಲ್ಲಿ ವರದಿಯಾಗಿದೆ. ಗಣಕಗಳಲ್ಲಿ ರಚಿಸಿದ ವಿಶ್ವದ ಮಾದರಿಗಳು ಅಷ್ಟು ಹಿಂದೆ ಇಂಥವು ತೀರ ಅಪರೂಪವೆಂದು ಹೇಳುತ್ತಿದ್ದವು. ಕಂಡುಬಂದವು ಅದಕ್ಕಿಂತ ಹಲವು ಪಟ್ಟು ಹೆಚ್ಚು. ಹೀಗೆ ಗೆಲಾಕ್ಸಿಗಳು ಬೆಳೆಯುವ ಬಗೆಯ ಸಿದ್ಧಾಂತವೇ ಪುನರ್ವಿಮರ್ಶೆಗೆ ಒಳಗಾಗಿದೆ. ತೆರೆದಿರುವ ಇಂಥ ಪ್ರಶ್ನೆಯನ್ನು ಮುಚ್ಚಿದ ಹೆಸರಿನಿಂದ ಕಲಿಸುವುದು ನ್ಯಾಯವಲ್ಲ.

೬

ಕೆರೆಯ ಉಪಮೆಗೂ ಮಿತಿಗಳಿವೆ. ಅವನ್ನು ಹೇಳದಿದ್ದರೆ ನಾವೂ ಉಪಮೆಯನ್ನು ರೂಪಕವಾಗಿಸಿದಂತಾಗುತ್ತದೆ. ಮೊದಲನೆಯದಾಗಿ, ಕೆರೆ ತನ್ನ ಹಳ್ಳವನ್ನು ತಾನೇ ತಡೆಯದು. ಗೆಲಾಕ್ಸಿಯಲ್ಲಾದರೋ ಅನಿಲದಿಂದ ಹುಟ್ಟಿದ ನಕ್ಷತ್ರಗಳ ಸ್ಫೋಟಗಳೂ ಅನಿಲವನ್ನು ನುಂಗಿ ಬೆಳೆದ ಕಪ್ಪುಕುಳಿಯೂ ಬರುವ ಅನಿಲವನ್ನೇ ಕಾಯಿಸಿ ಹಿಂದಕ್ಕಟ್ಟುತ್ತವೆ. ಬಳಕೆಯೇ ಬರವನ್ನು ತರುವ ಈ ತಿರುಗುಣಿಗೆ ಕೆರೆಯಲ್ಲಿ ಸಾಟಿಯಿಲ್ಲ. ಎರಡನೆಯದಾಗಿ, ಒಂದೇ ಕೆರೆಯನ್ನು ವರ್ಷದಿಂದ ವರ್ಷಕ್ಕೆ ನೋಡಬಹುದು. ಗೆಲಾಕ್ಸಿಯ ವಿಷಯದಲ್ಲಿ ನಮಗೆ ದೊರೆಯುವುದು ಒಂದು ಗಳಿಗೆ ಮಾತ್ರ. ಕೊರಟಗೆರೆಯಿಂದ ಮಧುಗಿರಿಯ ಮೇಲೆ ಪಾವಗಡಕ್ಕೆ ಒಂದೇ ದಿನದಲ್ಲಿ ಹೋಗುವವನು ತುಂಬಿದ, ಇಳಿದ, ಬತ್ತಿದ ಕೆರೆಗಳನ್ನು ಕಂಡು ಅವೆಲ್ಲವನ್ನೂ ಒಂದೇ ಕೆರೆಯ ಕಥೆಯಾಗಿ ಜೋಡಿಸಿದರೆ ಎಷ್ಟು ಸರಿಯೋ ಎಷ್ಟು ತಪ್ಪೋ, ಗೆಲಾಕ್ಸಿಗಳ ಇತಿಹಾಸವನ್ನು ಜೋಡಿಸುವುದೂ ಅಷ್ಟೇ. ಇಂದು ಹತ್ತಿರದಲ್ಲಿರುವ ವಿರತ ಗೆಲಾಕ್ಸಿಗಳೆಲ್ಲ ಆ ದೂರದವುಗಳ ಮುಂದಿನ ಅವಸ್ಥೆಯೆಂದು ಹೇಳಿಬಿಡುವಂತಿಲ್ಲ.

ಆದರೂ ಉಪಮೆಯ ಮುಖ್ಯ ಗುಣ ಉಳಿಯುತ್ತದೆ. ಅದು ಪ್ರಶ್ನೆಯನ್ನು ಜೀವಂತವಾಗಿಡುತ್ತದೆ. ಹೆಸರು ಪ್ರಶ್ನೆಯನ್ನು ಮುಚ್ಚಿದಾಗ ಏನಾಗುವುದೆಂಬುದಕ್ಕೆ ಕೆರೆಗಳ ಚರಿತ್ರೆಯೇ ಸಾಕ್ಷಿ. ಬತ್ತಿದ ಕೆರೆಯನ್ನು ಇನ್ನು ಬಾರದ್ದೆಂದು ಬಗೆದೊಡನೆ ಅದರ ಅಂಗಳ ಬೇರೆಯದಕ್ಕೆ ಸಲ್ಲುತ್ತದೆ. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಅಂಗಳವೂ ಹಳ್ಳವೂ ಉಳಿದ ಕಡೆಗಳಲ್ಲಿ ಕಥೆ ಬೇರೆ. ೨೦೨೨ರ ಮಳೆಗಾಲದಲ್ಲಿ ತುಮಕೂರು ಜಿಲ್ಲೆಯಲ್ಲಿ ವರ್ಷಗಳಿಂದ ಬರಿದಾಗಿದ್ದ ಅನೇಕ ಕೆರೆಗಳು ತುಂಬಿ ಕೋಡಿ ಹರಿದವು.

ಪರಿಭಾಷೆಯ ವಿಷಯದಲ್ಲಿ ನಮ್ಮ ಸೂಚನೆಗಳು ಇವು. ತಾರಾಜನನ ನಿಂತಿರುವ ಅವಸ್ಥೆಗೆ ಕಾರಣವನ್ನು ಮೊದಲೇ ತೀರ್ಮಾನಿಸದ ತಟಸ್ಥ ಶಬ್ದವೊಂದು ಬೇಕು. 'ವಿರತ ಗೆಲಾಕ್ಸಿ', 'ತಾರಾಜನನ ವಿರತಿ' ಎಂಬವು ಅದಕ್ಕೆ ತಕ್ಕವು. ಅನಿಲ ತೀರಿದೆಯೆಂದು ಪ್ರಮಾಣದಿಂದ ತಿಳಿದಾಗ ಮಾತ್ರ 'ಬತ್ತಿದ' ಎನ್ನಬೇಕು. ಅನಿಲವಿದ್ದೂ ಬಿಸಿಯಾಗಿದ್ದರೆ 'ತಣಿಯದ' ಎನ್ನಬೇಕು. ಮತ್ತೆ ಆರಂಭವಾಗುವ ಸಂಭವವಿದ್ದರೆ 'ವಿರಾಮ' ಎಂಬುದೇ ಸಾಕು. 'ಆರಿದ', 'ನಂದಿದ' ಎಂಬವನ್ನು ಬಿಡುವುದೇ ಲೇಸು. 'ಸತ್ತ' ಎಂಬ ಮಾತು ಪತ್ರಿಕೆಯ ತಲೆಬರಹಕ್ಕೆ ಬೇಕಾದರೆ ಇರಲಿ. ಪಾಠಕ್ಕೂ ಪರೀಕ್ಷೆಯ ಉತ್ತರಪತ್ರಿಕೆಗೂ ಅದು ಬರಬಾರದು. ಅಧ್ಯಾಪಕ ಮಿತ್ರರು ಈ ಭಾಗವನ್ನು ಬೋಧಿಸುವಾಗ 'ಈ ಗೆಲಾಕ್ಸಿ ಏಕೆ ಸತ್ತಿತು?' ಎಂದು ಕೇಳುವುದನ್ನು ಬಿಟ್ಟು, ಅನಿಲ ಬರುತ್ತಿತ್ತೆ, ಹೋಯಿತೆ, ತೀರಿತೆ, ಇದ್ದೂ ತಣಿಯಲಿಲ್ಲವೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಲೆಂದು ನಾವು ಕೋರುತ್ತೇವೆ. ಕೆರೆಯ ನೀರಿನಿಂದ ಬೆಳೆದ ನಾಡಿನ ವಿದ್ಯಾರ್ಥಿಗೆ ಆ ಪ್ರಶ್ನೆಗಳು ಹೊಸವೆನಿಸಲಾರವು.